ಅತ್ತೆಯವರ ಆರೈಕೆಗೆ ಸರ್ಕಾರದ ಮೌಲ್ಯಮಾಪನ: ಹೇಗೆ ಸಿದ್ಧರಾಗುವುದು?

ಕೇಳಿದವರು, ಮೆಲ್ಬರ್ನ್‌ನಿಂದ

ನಮ್ಮ ಜೊತೆಗಿರುವ ಅತ್ತೆಯವರಿಗೆ 79 ವರ್ಷ. ಇಲ್ಲಿಯ ಖಾಯಂ ನಿವಾಸಿ. ಎರಡೂ ಮಂಡಿ ಸವೆದಿವೆ, ಸಕ್ಕರೆ ಕಾಯಿಲೆಯಿದೆ, ಕಳೆದ ಚಳಿಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಹಿರಿಯರ ಆರೈಕೆಗೆಂದು ಸರ್ಕಾರ ನಡೆಸುವ ಮೈ ಏಜ್ಡ್ ಕೇರ್‌ನಲ್ಲಿ ಹೆಸರು ನೋಂದಾಯಿಸಿದ್ದೇವೆ. ಸದ್ಯದಲ್ಲೇ ಮೌಲ್ಯಮಾಪನಕ್ಕೆ ಮನೆಗೆ ಬರುತ್ತಾರೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಯಾರೇ ವಿಚಾರಿಸಿದರೂ “ನನಗೇನಾಗಿದೆ, ಚೆನ್ನಾಗಿದ್ದೇನೆ” ಎನ್ನುವ ಸ್ವಭಾವ. ಈಗಾಗಲೇ ಇದನ್ನು ಕಂಡವರು ದಯವಿಟ್ಟು ತಿಳಿಸಿ.

ಸಿಡ್ನಿಯಿಂದ

ನನ್ನ ತಾಯಿಯ ಮೌಲ್ಯಮಾಪನ ನಡೆದದ್ದು 2025ರ ನವೆಂಬರ್ 1ರಂದು ಹಿರಿಯರಿಗೆ ಮನೆಯಲ್ಲೇ ಸಹಾಯ ಕೊಡುವ ಸಪೋರ್ಟ್ ಅಟ್ ಹೋಮ್ ಎಂಬ ಹೊಸ ವ್ಯವಸ್ಥೆ ಜಾರಿಗೆ ಬಂದ ಮೇಲೆ. ನೀವು ಕೊನೆಯಲ್ಲಿ ಬರೆದ ಸ್ವಭಾವದ ವಿಷಯವೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತಿದೆ. ನಮ್ಮ ಹಿರಿಯರು ಮನೆಗೆ ಬಂದವರ ಮುಂದೆ ನೋವು ತೋಡಿಕೊಳ್ಳುವವರಲ್ಲ. ಮೌಲ್ಯಮಾಪನ ಮಾಡುವ ಅಸೆಸರ್ ಒಳಗೆ ಬಂದರೆ ಅಮ್ಮನ ಪಾಲಿಗೆ ಅವರು ಅತಿಥಿ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಕಾಫಿ ತರಲು ನಮಗೆ ಹೇಳಿ, ನೆಟ್ಟಗೆ ಕುಳಿತು ನಗುನಗುತ್ತ ಮಾತನಾಡುತ್ತಾರೆ. ಆ ಸೀರೆಯ ನೆರಿಗೆ ಹಿಡಿದವರು ಯಾರು, ಉಡಿಸಲು ಎಷ್ಟು ಹೊತ್ತು ಹಿಡಿಯಿತು ಎಂಬುದು ಬಂದವರಿಗೆ ಹೇಗೆ ತಿಳಿಯಬೇಕು?

ಹಾಗಾಗಿ ಈಗಿನಿಂದಲೇ ಬರೆದಿಡಲು ಶುರು ಮಾಡಿ. “ಮಂಡಿ ನೋವು” ಎಂದಷ್ಟೇ ಬರೆದರೆ ಉಪಯೋಗವಿಲ್ಲ. ಯಾವ ಕೆಲಸವನ್ನು ಒಬ್ಬರೇ ಮಾಡುತ್ತಾರೆ, ಯಾವುದಕ್ಕೆ ಇನ್ನೊಬ್ಬರ ಕೈ ಬೇಕು, ಯಾವುದನ್ನು ಬಿಟ್ಟೇಬಿಟ್ಟಿದ್ದಾರೆ ಎಂದು ಬರೆಯಿರಿ. ಬಕೆಟ್ಟು, ಚೊಂಬು ಇಟ್ಟುಕೊಂಡು ಕುಳಿತು ಸ್ನಾನ ಮಾಡುವ ಅಭ್ಯಾಸವಿದ್ದರೆ ಹಾಗೆಂದೇ ಹೇಳಿ: ಏಳುವಾಗ ಏನನ್ನು ಹಿಡಿದುಕೊಳ್ಳುತ್ತಾರೆ, ಬೆನ್ನು ಯಾರು ಉಜ್ಜುತ್ತಾರೆ, ಬಿದ್ದ ಮೇಲೆ ಬಾಗಿಲ ಚಿಲಕ ಹಾಕಲು ಹೆದರುತ್ತಾರೆಯೇ. ನನ್ನ ತಾಯಿ ನೆಲದ ಮೇಲೆ ಕುಳಿತು ಪೂಜೆ ಮಾಡುತ್ತಿದ್ದವರು, ಈಗ ನಿಂತೇ ಕೈಮುಗಿಯುತ್ತಾರೆ. ಸಾರಿಗೆ ಒಗ್ಗರಣೆ ಹಾಕಿ ಒಲೆ ಆರಿಸುವುದನ್ನು ಮರೆಯುತ್ತಾರೆ. ಸ್ನಾನ, ಉಡುಪು, ಅಡುಗೆ, ಗುಳಿಗೆ, ಶೌಚ, ನಡಿಗೆ, ನೆನಪು, ಮನಸ್ಸಿನ ಸ್ಥಿತಿ, ಮನೆಯ ಸುರಕ್ಷತೆ ಎಲ್ಲದರ ಬಗ್ಗೆಯೂ ಪ್ರಶ್ನೆಗಳಿರುತ್ತವೆ. ನಮ್ಮ ಮನೆಯ ರೀತಿ ಅವರಿಗೆ ಗೊತ್ತಿಲ್ಲದಿರುವುದರಿಂದ ನಾವೇ ಬಿಡಿಸಿ ಹೇಳಬೇಕು. ನೋವು ಹೆಚ್ಚಾದ ದಿನ ಹೇಗಿರುತ್ತಾರೆ, ಅಂತಹ ದಿನಗಳು ವಾರದಲ್ಲಿ ಎಷ್ಟು ಬರುತ್ತವೆ ಎಂಬುದನ್ನೂ ಸೇರಿಸಿ.

ಹಾಗೆಂದು ನಡೆಯಬಲ್ಲವರನ್ನು ಅಂದು ಹಾಸಿಗೆ ಹಿಡಿಸಬೇಡಿ. ಅದು ಸುಳ್ಳು ಮಾತ್ರವಲ್ಲ, ಅವರಿಗೆ ಅವಮಾನ ಕೂಡ.

ಮೆಡಿಕೇರ್ ಕಾರ್ಡ್, ಜಿಪಿ (ಕುಟುಂಬ ವೈದ್ಯರು) ಕೊಟ್ಟ ಪತ್ರ, ಬಿದ್ದಾಗ ಆಸ್ಪತ್ರೆಗೆ ಹೋಗಿದ್ದರೆ ಅಲ್ಲಿಯ ಡಿಸ್ಚಾರ್ಜ್ ಕಾಗದ, ಔಷಧಿಗಳ ಪಟ್ಟಿ ಒಂದೆಡೆ ಇರಲಿ. ಊರಿನಿಂದ ತರಿಸಿಕೊಳ್ಳುವ ಚೂರ್ಣ, ಕಷಾಯಗಳೂ ಆ ಪಟ್ಟಿಯಲ್ಲಿರಬೇಕು.

ಬ್ರಿಸ್ಬೇನ್‌ನಿಂದ

ದುಭಾಷಿಯ ವಿಷಯ ಇವತ್ತೇ ಮಾತನಾಡಿ. ಅದಕ್ಕೆ ನೀವು ಹಣ ಕೊಡಬೇಕಾಗಿಲ್ಲ. ಮೈ ಏಜ್ಡ್ ಕೇರ್‌ಗೆ (1800 200 422) ಕರೆ ಮಾಡಿ ಕನ್ನಡ ದುಭಾಷಿ ಬೇಕೆಂದು ಬರೆಸಿ. ಭಾರತದವರು ಎಂದಕೂಡಲೇ ಹಿಂದಿ ಎಂದುಕೊಳ್ಳುವುದುಂಟು, ಆದ್ದರಿಂದ ಭಾಷೆಯ ಹೆಸರನ್ನು ಒತ್ತಿ ಹೇಳಿ. ಅತ್ತೆಯವರೇ ಮಾತನಾಡುವುದಾದರೆ 131 450ಕ್ಕೆ ಕರೆ ಮಾಡಿದರೆ ಟಿಐಎಸ್ ಎಂಬ ಸರ್ಕಾರಿ ದುಭಾಷಿ ಸೇವೆಯವರು ದುಭಾಷಿಯನ್ನು ಇಟ್ಟುಕೊಂಡು ಮೈ ಏಜ್ಡ್ ಕೇರ್‌ಗೆ ಜೋಡಿಸುತ್ತಾರೆ. ಮಹಿಳೆಯೇ ಬೇಕೆಂದು ಕೇಳಿಕೊಳ್ಳಲೂಬಹುದು.

ಮಗನೇ ಅನುವಾದ ಮಾಡಿದರಾಯಿತು ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿದರೆ ಒಪ್ಪಬೇಡಿ. ಮೂತ್ರ ತಡೆಯಲಾಗುತ್ತಿಲ್ಲ ಎಂಬುದನ್ನು ಯಾವ ತಾಯಿ ಮಗನ ಬಾಯಲ್ಲಿ ಹೇಳಿಸುತ್ತಾಳೆ? ನೆನಪಿನ ಪರೀಕ್ಷೆಯಿದ್ದರಂತೂ ದುಭಾಷಿ ಇರಲೇಬೇಕು. ಇಲ್ಲದಿದ್ದರೆ ಇಂಗ್ಲಿಷ್ ಬಾರದಿರುವುದು ಮರೆವಾಗಿ ದಾಖಲಾದೀತು. ಬೇರೆ ಭಾಷೆ, ಬೇರೆ ಸಂಸ್ಕೃತಿಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಸಿಡ್ನಿಯಲ್ಲೇ ರೂಪಿಸಿದ ರುಡಾಸ್ ಎಂಬ ಪರೀಕ್ಷೆಯಿದೆ. ಜಿಪಿಯನ್ನು ಅದರ ಬಗ್ಗೆ ವಿಚಾರಿಸಿ.

ಅಡಿಲೇಡ್‌ನಿಂದ, 82 ವರ್ಷದ ಹಿರಿಯರು

ತಂಗಿ, ಇಲ್ಲಿಯವರೆಗೆ ಬರೆದವರೆಲ್ಲ ಮಕ್ಕಳು. ನಾನು ಆ ಕುರ್ಚಿಯಲ್ಲಿ ಕುಳಿತು ಉತ್ತರ ಕೊಟ್ಟವನು. ನಿಮ್ಮ ಅತ್ತೆಯವರಿಗೆ ಇದು ಯಾತಕ್ಕೆಂದು ಮೊದಲು ನೀವೇ ವಿವರಿಸಿ. ಮನೆಗೆ ಸರ್ಕಾರದವರು ಬಂದು ಪ್ರಶ್ನೆ ಕೇಳುತ್ತಾರೆಂದರೆ, ನನ್ನನ್ನು ವೃದ್ಧಾಶ್ರಮಕ್ಕೆ ಸೇರಿಸುವ ಏರ್ಪಾಡಿದು ಎಂಬ ಭಯ ಹುಟ್ಟುತ್ತದೆ. ನನಗೂ ಹುಟ್ಟಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ. ಇದು ಮನೆಯಲ್ಲೇ ಉಳಿಯುವುದಕ್ಕಾಗಿ ಎಂದು ಮೊಮ್ಮಗಳು ಹೇಳಿದ ಮೇಲೆಯೇ ನಾನು ಮನಸ್ಸು ಬಿಚ್ಚಿ ಉತ್ತರಿಸಿದ್ದು.

ಇನ್ನೊಂದು. ನೀವು ಬರೆದಿಟ್ಟ ಟಿಪ್ಪಣಿಯನ್ನು ಅವರಿಗೆ ಓದಿ ಹೇಳಿ, ಒಪ್ಪಿಗೆ ಪಡೆಯಿರಿ. ಯಾರ ಎದುರು ಯಾವ ಮಾತು ಬರಬಾರದೆಂದು ಕೇಳಿ. ನನ್ನ ಶೌಚದ ವಿಚಾರವನ್ನು ನನ್ನ ಎದುರಿಗೇ, ನನ್ನನ್ನು ಬಿಟ್ಟು, ಇಬ್ಬರು ಮಾತನಾಡಿಕೊಳ್ಳುವುದು ಸಹಿಸಲು ಕಷ್ಟ. ಅಸೆಸರ್ ಜೊತೆ ಸ್ವಲ್ಪ ಹೊತ್ತು ದುಭಾಷಿಯನ್ನಷ್ಟೇ ಇಟ್ಟುಕೊಂಡು ಮಾತನಾಡುವ ಅವಕಾಶವನ್ನೂ ಕೇಳಬಹುದು. ಅವರಿಗೆ ಬೇಕಾದದ್ದೇನೆಂದು ಕೇಳಿದರೆ, ನೀವು ಊಹಿಸದ ಉತ್ತರ ಬರಬಹುದು. ನನಗೆ ಮನೆ ಗುಡಿಸುವವರಿಗಿಂತ ದೇವಸ್ಥಾನಕ್ಕೆ ಕರೆದೊಯ್ಯುವ ವಾಹನ ಬೇಕಾಗಿತ್ತು.

ಪರ್ತ್‌ನಿಂದ, ನರ್ಸ್

ಹಿರಿಯರ ಮಾತನ್ನು ದಯವಿಟ್ಟು ಎಲ್ಲರೂ ಎರಡು ಸಲ ಓದಿ. ನಾನು ವ್ಯವಸ್ಥೆಯ ಬಗ್ಗೆ ಬರೆಯುತ್ತೇನೆ.

ಅಸೆಸರ್ ನಮೂದಿಸಿದ ಉತ್ತರಗಳನ್ನು ಸಾಫ್ಟ್‌ವೇರ್ ಲೆಕ್ಕ ಹಾಕಿ ಸಹಾಯಧನದ ಎಂಟು ಮಟ್ಟಗಳಲ್ಲಿ ಒಂದನ್ನು ತೋರಿಸುತ್ತದೆ. ಮೊದಲ ಮಟ್ಟಕ್ಕೆ ವರ್ಷಕ್ಕೆ ಸುಮಾರು 11 ಸಾವಿರ ಡಾಲರ್, ಎಂಟನೆಯದಕ್ಕೆ ಸುಮಾರು 78 ಸಾವಿರ. ಸಿಡ್ನಿಯವರು ವಿವರವಾಗಿ ಹೇಳಿ ಎಂದು ಒತ್ತಿದ್ದು ಇದಕ್ಕೇ: “ಹೇಗೋ ನಡೆಯುತ್ತಿದೆ” ಎಂಬ ಉತ್ತರಕ್ಕೂ “ಮಗ ಹಿಡಿದುಕೊಂಡರೆ ಮಾತ್ರ ಏಳುತ್ತೇನೆ” ಎಂಬುದಕ್ಕೂ ಮಟ್ಟವೇ ಬದಲಾದೀತು. ಬಚ್ಚಲಿಗೆ ಹಿಡಿಕಂಬಿ, ಸ್ನಾನದ ಕುರ್ಚಿ, ವಾಕರ್ ಇವುಗಳಿಗೆ ಬೇರೆಯೇ ನಿಧಿಯಿದೆ. ಬಿದ್ದ ಸಂಗತಿಯನ್ನು ಹೇಳುವಾಗಲೇ ಇವನ್ನೂ ಕೇಳಿ. ಸಣ್ಣ ಸಹಾಯ ಸಾಕೆಂದು ಕಂಡರೆ ಸಿಎಚ್‌ಎಸ್‌ಪಿ ಎಂಬ ಇನ್ನೊಂದು ಯೋಜನೆಗೆ ಕಳಿಸುತ್ತಾರೆ.

ಮೌಲ್ಯಮಾಪನಕ್ಕೆ ಶುಲ್ಕವಿಲ್ಲ. ಆದಾಯ, ಆಸ್ತಿಯ ಪರಿಶೀಲನೆ ಬೇರೆ, ಅದನ್ನು ಸರ್ವಿಸಸ್ ಆಸ್ಟ್ರೇಲಿಯಾ ಎಂಬ ಸರ್ಕಾರಿ ಸಂಸ್ಥೆ ನೋಡಿಕೊಳ್ಳುತ್ತದೆ. ನರ್ಸಿಂಗ್, ಫಿಸಿಯೋಥೆರಪಿಗಳಿಗೆ ಹಿರಿಯರು ಏನೂ ಕೊಡಬೇಕಾಗಿಲ್ಲ. ಮನೆ ಶುಚಿಗೊಳಿಸುವಂತಹ ಕೆಲಸಗಳಿಗೆ ಅವರ ಸ್ಥಿತಿಗತಿ ನೋಡಿ ಪಾಲು ಕೇಳುತ್ತಾರೆ.

ನಿರ್ಧಾರ ಪತ್ರದಲ್ಲಿ ಬರುತ್ತದೆ. ಅದು ನಿಮಗೆ ಸರಿಯೆನಿಸದಿದ್ದರೆ ಪತ್ರ ತಲುಪಿದ 28 ದಿನಗಳೊಳಗೆ ಮರುಪರಿಶೀಲನೆ ಕೇಳಬಹುದು. ಹಿರಿಯರ ಪರವಾಗಿ ನಿಲ್ಲುವ ಓಪಾನ್ ಸಂಸ್ಥೆಯವರು (1800 700 600) ಉಚಿತವಾಗಿ ನೆರವಾಗುತ್ತಾರೆ. ಒಪ್ಪಿಗೆ ಸಿಕ್ಕಿದ ಮೇಲೂ ಹಣ ಬರುವವರೆಗೆ ಸರತಿಯಲ್ಲಿ ಕಾಯಬೇಕು. ಆ ನಡುವೆ ಸ್ಥಿತಿ ಹದಗೆಟ್ಟರೆ ಸುಮ್ಮನಿರದೆ ಮತ್ತೆ ಕರೆ ಮಾಡಿ.

ಕೇಳಿದವರು

ಎಲ್ಲರಿಗೂ ವಂದನೆಗಳು. ಇಂದು ಸಂಜೆಯೇ ಅತ್ತೆಯವರ ಜೊತೆ ಕುಳಿತು ಮಾತನಾಡುತ್ತೇನೆ. ನನ್ನ ಬಗ್ಗೆಯೂ ಕೇಳುತ್ತಾರೆಯೇ? ನಾನು ಹೊರಗೆ ಕೆಲಸಕ್ಕೆ ಹೋಗುತ್ತೇನೆ, ಬೆಳಗಿನ ಸ್ನಾನ ನನ್ನದೇ ಹೊಣೆ.

ಸಿಡ್ನಿಯಿಂದ

ಕೇಳುತ್ತಾರೆ, ಕೇಳಲೇಬೇಕು. ಆರೈಕೆ ಮಾಡುವವರ ಸ್ಥಿತಿಯೂ ಮೌಲ್ಯಮಾಪನದ ಒಂದು ಭಾಗ. ಸೊಸೆಯಾದವಳು ಎಲ್ಲರೆದುರು “ನಾನು ನೋಡಿಕೊಳ್ಳುತ್ತೇನೆ” ಎಂದುಬಿಟ್ಟರೆ, ಮನೆಯಲ್ಲಿ ಸಾಕಷ್ಟು ಸಹಾಯವಿದೆ ಎಂದೇ ದಾಖಲಾಗುತ್ತದೆ. ಎಷ್ಟು ಗಂಟೆಗೆ ಏಳುತ್ತೀರಿ, ರಾತ್ರಿ ಎಷ್ಟು ಸಲ ನಿದ್ದೆ ಕೆಡುತ್ತದೆ, ಎತ್ತಿ ಹಿಡಿಯುವಾಗ ನಿಮ್ಮ ಬೆನ್ನು ಹೇಗಿದೆ ಎಂಬುದನ್ನು ನಿಮ್ಮ ಪತಿಗೆ ಇಂದೇ ಹೇಳಿ, ಆ ದಿನ ಅವರು ಮೊದಲ ಸಲ ಕೇಳುವಂತಾಗಬಾರದು. ಆರೈಕೆ ಮಾಡುವವರಿಗೆಂದೇ ಕೇರರ್ ಗೇಟ್‌ವೇ (1800 422 737) ಇದೆ, ಅಲ್ಲಿ ನಿಮ್ಮ ಹೆಸರಲ್ಲಿ ಸಹಾಯ ಕೇಳಿ. ಅತ್ತೆಯವರ ಪತ್ರ ಬರುವವರೆಗೆ ಕಾಯಬೇಕಿಲ್ಲ.