ಅಪ್‌ಡೇಟ್: ಆ ಹಳೇ ಬೋಟ್ ಬೇಡ ಅಂದೆ

ಇಂಜಿನ್ ಪಾರ್ಟ್ಸ್ ಸಿಗಲ್ಲ ಅಂದುಕೊಂಡಿದ್ದ ಹಳೇ ಫೈಬರ್ ಬೋಟ್ ತಗೊಂಡು ರಿಪೇರಿ ಮಾಡಬಹುದಾ ಅಂತ ಕೇಳಿದ್ದೆನಲ್ಲ, ಬಿಟ್ಟುಬಿಟ್ಟೆ. ಕಾರಣ ಇಂಜಿನ್ ಅಲ್ಲವೇ ಅಲ್ಲ! ಅದರ ವಾಟರ್ ಪಂಪ್ ಕಿಟ್, ಕಾರ್ಬ್ಯುರೇಟರ್ ಕಿಟ್ ಎರಡನ್ನೂ ಬೇರೆ ಕಂಪನಿಗಳು ಇನ್ನೂ ಮಾಡುತ್ತಿವೆ.

ಬೋಟ್‌ನ ಫೈಬರ್ ಒಳಗೆ ನೀರು ಇಳಿದಿದೆಯಾ ಅಂತ ನೋಡೋಕೆ ತೇವ ಅಳೆಯುವ ಮೀಟರ್ ಕೆಲಸಕ್ಕೆ ಬರಲಿಲ್ಲ. ತಳಕ್ಕೆ ಬಳಿದ ತಾಮ್ರದ ಪೇಂಟ್ ಮೇಲೆ ಎಲ್ಲೆಡೆ ಒದ್ದೆ ಅಂತಲೇ ತೋರಿಸಿತು. ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ ಅಂದವರಿಗೆ ಥ್ಯಾಂಕ್ಸ್. ಇಂಜಿನ್ ಕೂರುವ ಹಿಂಭಾಗದಲ್ಲಿ ಟಕ್ ಅನ್ನಬೇಕಾದ ಕಡೆ ದಬ್ ದಬ್ ಅಂದಿತು. ಮಾಲೀಕರನ್ನು ಕೇಳಿ ಒಳಗಿನ ಸ್ಕ್ರೂ ಬಿಚ್ಚಿದರೆ ಕಂದು ನೀರು ಜಿನುಗಿತು, ಜೊತೆಗೆ ಕೊಳೆತ ಮರದ ಪುಡಿ. ಎಷ್ಟೋ ಫೈಬರ್ ಬೋಟ್‌ಗಳ ಒಳಗೆ ಪ್ಲೈವುಡ್ ಇರುತ್ತದೆ ಅಂತ ಆಗಲೇ ಗೊತ್ತಾಗಿದ್ದು. ಅದನ್ನು ಬದಲಿಸುವ ಖರ್ಚು ಬೋಟ್‌ಗಿಂತ ಜಾಸ್ತಿ.

ಟ್ರೈಲರ್ ಮಾತ್ರ ಗಟ್ಟಿಯಾಗಿದೆ. ಅದನ್ನಷ್ಟೇ ಕೊಡ್ತೀರಾ ಅಂತ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.