ಫೆಬ್ರವರಿಯಲ್ಲಿ ಪೆರು: ಮಕ್ಕಳು, ಅಮ್ಮ, ಮಳೆ, ಕಡಿಮೆ ಬಜೆಟ್ಟು

ಜೋಳಿಗೆ:
ಫೆಬ್ರವರಿ ಮೊದಲ ಎರಡು ವಾರ ಪೆರು. ನಾವಿಬ್ಬರು, 7 ಮತ್ತು 10 ವರ್ಷದ ಮಕ್ಕಳು, ಜೊತೆಗೆ ಅಮ್ಮ (64). ಲಿಮಾದಿಂದ ಕುಸ್ಕೊ, ಪುನೊ, ಕೊನೆಗೆ ಮಾಚು ಪಿಚು. ಮಳೆಗಾಲ ಅಂತ ಗೊತ್ತು, ರೂಮು ಅಗ್ಗ ಅಂತಲೇ ಈ ತಿಂಗಳು. ರೈಲು ಬಿಟ್ಟು ಹಿದ್ರೊಎಲೆಕ್ಟ್ರಿಕಾವರೆಗೆ (ಮಾಚು ಪಿಚು ಹತ್ತಿರದ ಜಲವಿದ್ಯುತ್ ಸ್ಥಾವರ) ವ್ಯಾನ್, ಅಲ್ಲಿಂದ ನಡಿಗೆ ಅಂತ ಲೆಕ್ಕ ಹಾಕಿದ್ದೇನೆ. ಸರಿಯೇ?

ಘಟ್ಟದಾರಿ:
ಬೇರೆ ಎಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಬೇಡ. ಆ ರಸ್ತೆ 4,300 ಮೀಟರಿನ ಅಬ್ರಾ ಮಾಲಗಾ ಘಟ್ಟ ಹತ್ತಿಳಿದು, ಸಾಂತಾ ತೆರೇಸಾ ಕಡೆ ಕಡಿದಾದ ಇಳಿಜಾರಿನ ಅಂಚಿನಲ್ಲೇ ಹೋಗುತ್ತದೆ. ಮಳೆಗೆ ಗುಡ್ಡ ಜಾರುತ್ತದೆ. ಆರೇಳು ಗಂಟೆ ವ್ಯಾನು, ಮೇಲೆ ಹಳಿ ಪಕ್ಕ ಹತ್ತು ಕಿಲೋಮೀಟರು ನಡಿಗೆ. ದಾರಿ ಕಟ್ಟಿತೆಂದರೆ ಮಾಚು ಪಿಚು ಟಿಕೆಟ್ಟೂ ಹೋಯಿತು, ಅದರಲ್ಲಿ ದಿನ, ಗಂಟೆ ಎರಡೂ ನಿಗದಿ.

ಅಗ್ಗದ ದಾರಿ ಹೀಗೆ: ಕುಸ್ಕೊದಿಂದ ಒಯಾಂತಾಯ್ತಾಂಬೊವರೆಗೆ ಶೇರ್ ವ್ಯಾನು (ಕೊಲೆಕ್ತಿವೊ, ಸುಮಾರು ಎರಡು ಗಂಟೆ), ಅಲ್ಲಿಂದ ಮಾತ್ರ ರೈಲು. ಕುಸಿತಕ್ಕೆ ರೈಲೂ ನಿಲ್ಲುವುದುಂಟು. ಹಾಗಾಗಿ ಮಾಚು ಪಿಚು ಕೊನೆಗೆ ಇಡಬೇಡಿ, ಅದರ ನಂತರ ಒಂದು ದಿನ ಖಾಲಿ ಬಿಡಿ. ಫೆಬ್ರವರಿಯಲ್ಲಿ ಮುಚ್ಚುವುದು ಇಂಕಾ ಟ್ರೇಲ್ (ಮಾಚು ಪಿಚುವಿಗೆ ಹೋಗುವ ಚಾರಣದ ದಾರಿ) ಮಾತ್ರ, ಮಾಚು ಪಿಚು ತೆರೆದಿರುತ್ತದೆ.

ಬೆಳಗಿನ 6ರ ಸ್ಲಾಟಿಗೆ ಆಸೆಪಡಬೇಡಿ, ಈ ಕಾಲದಲ್ಲಿ ಬರೀ ಮಂಜು. 9 ಅಥವಾ 10 ಉತ್ತಮ. ಛತ್ರಿ ಒಳಗೆ ಬಿಡುವುದಿಲ್ಲ, ಪಾಂಚೊ (ತಲೆಯಿಂದ ಹಾಕಿಕೊಳ್ಳುವ ಮಳೆ ಹೊದಿಕೆ) ಒಯ್ಯಿರಿ. ಶೌಚಾಲಯ ಇರುವುದು ಗೇಟಿನ ಹೊರಗೆ, ಮಕ್ಕಳನ್ನು ಮೊದಲೇ ಕರೆದೊಯ್ಯಿರಿ. ಒರಿಜಿನಲ್ ಪಾಸ್‌ಪೋರ್ಟು ಮರೆಯಬೇಡಿ.

ಗುಡ್ಡಗಾಡು:
ಮಳೆಗಿಂತ ದೊಡ್ಡ ಚಿಂತೆ ಎತ್ತರ. ಲಿಮಾ ಸಮುದ್ರದ ಮಟ್ಟ, ಕುಸ್ಕೊ 3,400 ಮೀಟರು. ಕುಸ್ಕೊದಲ್ಲಿ ಇಳಿದ ದಿನವೇ ಟ್ಯಾಕ್ಸಿ ಹಿಡಿದು ಕೆಳಗಿನ ಕಣಿವೆಗೆ ಹೋಗಿ. ಉರುಬಾಂಬಾ, ಒಯಾಂತಾಯ್ತಾಂಬೊ ಎರಡೂ 2,800ರ ಆಸುಪಾಸು. ಅಲ್ಲಿ ಮೂರು ರಾತ್ರಿ, ಆಮೇಲೆ ಮಾಚು ಪಿಚು (2,430), ಕುಸ್ಕೊ ಕೊನೆಗೆ.

ಎತ್ತರದ ಕಾಯಿಲೆ ಬಂದರೂ ಚಿಕ್ಕ ಮಕ್ಕಳು ತಲೆನೋವು ಅಂತ ಹೇಳುವುದಿಲ್ಲ, ಊಟ ಬಿಡುತ್ತಾರೆ, ಕಿರಿಕಿರಿ ಮಾಡುತ್ತಾರೆ. ಅಂಥ ದಿನ ಇನ್ನೂ ಮೇಲಕ್ಕೆ ಹೋಗಬಾರದು. ಸುಮ್ಮನೆ ಕೂತಾಗಲೂ ಉಬ್ಬಸ, ನಡಿಗೆಯಲ್ಲಿ ತೂರಾಟ ಕಂಡರೆ ಬೆಳಗಾಗಲಿ ಅನ್ನದೆ ಕೆಳಗಿಳಿಸಿ, ಆಸ್ಪತ್ರೆಗೆ ಒಯ್ಯಿರಿ. ಕೋಕಾ ಚಹಾ ಕುಡಿಯಲಿಕ್ಕೆ ಚೆನ್ನಾಗಿದೆ, ಔಷಧಿ ಅಲ್ಲ. ಎತ್ತರದ ಕಾಯಿಲೆ ತಡೆಯುವ ಅಸೆಟಜೋಲಮೈಡ್ ಮಾತ್ರೆ ಬೇಕೇ ಅಂತ ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಅಮ್ಮನವರ ಮಾತ್ರೆಗಳ ಪಟ್ಟಿ, ಸಲ್ಫಾ ಅಲರ್ಜಿ ಇದ್ದರೆ ಅದನ್ನೂ ಹೇಳಿ. 5,000 ಮೀಟರಿನ ವಿನಿಕುಂಕಾ (ರೇನ್‌ಬೋ ಬೆಟ್ಟ) ಕೈಬಿಡಿ.

ಪುನೊ 3,830 ಮೀಟರು. ಅದಕ್ಕಿಂತ ಮುಖ್ಯ, ಫೆಬ್ರವರಿ ಮೊದಲ ಭಾಗದಲ್ಲಿ ಅಲ್ಲಿ ಕಾಂದೆಲಾರಿಯಾ ಹಬ್ಬ. ಊರು ತುಂಬಿರುತ್ತದೆ, ಅಗ್ಗದ ರೂಮಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಜೋಳಿಗೆ:
ಪುನೊ ತೆಗೆದೆ. ಹಾಗಾದರೆ ದುಡ್ಡು ಉಳಿಸುವುದು ಎಲ್ಲಿ?

ಚಿಲ್ಲರೆ:
ಉಳಿಯುವ ಹೋಟೆಲಿನಲ್ಲಿ ವಿದೇಶಿ ಪ್ರವಾಸಿಗರಿಗೆ 18% ಐಜಿವಿ (ಪೆರುವಿನ ಮಾರಾಟ ತೆರಿಗೆ) ಇಲ್ಲ. ಪಾಸ್‌ಪೋರ್ಟು, ದೇಶದೊಳಗೆ ಬಂದ ದಾಖಲೆ ತೋರಿಸಿ, ಬಿಲ್ಲಿನಲ್ಲಿ ತೆರಿಗೆ ಸೇರಿಸಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಮಧ್ಯಾಹ್ನ ‘ಮೆನು’ ಬೋರ್ಡು ಇರುವ ಕಡೆ ಸೂಪು, ಊಟ, ಪಾನೀಯ ಒಟ್ಟಿಗೆ ಸಿಗುತ್ತದೆ. ಕಣಿವೆಯಲ್ಲೇ ಉಳಿಯುವುದಾದರೆ ಪೂರ್ತಿ ಬೊಲೆತೊ ತುರಿಸ್ತಿಕೊ (ಹಲವು ತಾಣಗಳಿಗೆ ಒಟ್ಟಿಗೆ ಕೊಡುವ ಪ್ರವೇಶ ಟಿಕೆಟ್ಟು) ಬೇಡ; ಎರಡು ದಿನದ ಭಾಗಶಃ ಟಿಕೆಟ್ಟಿನಲ್ಲಿ ಪಿಸಾಕ್, ಒಯಾಂತಾಯ್ತಾಂಬೊ, ಚಿಂಚೆರೊ, ಮೊರಾಯ್ ಬರುತ್ತವೆ. ಮಾರಾಸ್ ಉಪ್ಪಿನ ಮಡಿಗಳಿಗೆ ಬೇರೆ ಟಿಕೆಟ್ಟು.

ಅಗ್ಗದ ರೂಮಿನಲ್ಲಿ ಹೀಟರು ಇರುವುದು ಅಪರೂಪ, ಒದ್ದೆ ಶೂ ಒಣಗುವುದಿಲ್ಲ. ಮಕ್ಕಳಿಗೆ ಎರಡನೇ ಜೊತೆ ಶೂ ಇಟ್ಟುಕೊಳ್ಳಿ, ರಾತ್ರಿ ಒಳಗೆ ಪೇಪರು ತುರುಕಿಡಿ.