ಸುಮಾ, ಅವ್ವನ ಕೈ ಬಿಡಬೇಡ

ಸುಮಾ, ನಾನು ದೊಡ್ಡಪ್ಪ. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುವುದು ನನ್ನಿಂದಾಗದು, ಅದಕ್ಕೇ ಮಾತನಾಡಿ ಕಳಿಸುತ್ತಿದ್ದೇನೆ. ಪೂರ್ತಿ ಕೇಳು, ಅರ್ಧಕ್ಕೆ ನಿಲ್ಲಿಸಬೇಡ. ಸೋಮವಾರ ದೆಹಲಿಯಲ್ಲಿ ಇಂದಿರಾ ಗಾಂಧಿಯವರ ಮನೆ ನೋಡಬೇಕೆಂದಿದ್ದೇವೆ, ಅವ್ವನ ಮೊಣಕಾಲಿಗೆ ಆದೀತೇ, ರಕ್ತದ ಕಲೆಯ ಸೀರೆ ಕಂಡು ಮಕ್ಕಳು ಹೆದರಿಯಾರೇ ಎಂದು ಕೇಳಿದ್ದೀ. ಮೊಣಕಾಲಿನ ಚಿಂತೆ ಬಿಡು. ಸಫ್ದರ್‌ಜಂಗ್ ರಸ್ತೆಯ ಒಂದನೇ ನಂಬರಿನ ಆ ಮನೆ ಅರಮನೆಯೇನಲ್ಲ, ಈಗ ವಸ್ತುಸಂಗ್ರಹಾಲಯ ಮಾಡಿರುವ ಒಂದು ಬಂಗಲೆ. ಸಿದ್ಧಾರೂಢರ ಜಾತ್ರೆಯಲ್ಲಿ ನಿಮ್ಮ ಅವ್ವ ನಡೆಯುವ ಅರ್ಧದಷ್ಟನ್ನೂ ಅಲ್ಲಿ ನಡೆಯಬೇಕಾಗಿಲ್ಲ. ಮಕ್ಕಳು ಟೀವಿಯಲ್ಲಿ ಅದಕ್ಕಿಂತ ಹೆಚ್ಚು ರಕ್ತ ನೋಡಿದ್ದಾರೆ. ನನ್ನ ಹೆದರಿಕೆಯೇ ಬೇರೆ. ಅವ್ವನ ಕೈ ಬಿಡಬೇಡ.

1996ರಲ್ಲಿ ನಮ್ಮ ಅವ್ವನನ್ನು, ಅಂದರೆ ನಿನ್ನ ಅಜ್ಜಿಯನ್ನು, ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವಳಿಗೆ ಇಂದಿರಾ ಎಂದರೆ ಹೇಗೆ ಎಂಬುದು ನಿಮಗೆಲ್ಲ ಗೊತ್ತಿದೆ. 1978ರಲ್ಲಿ ಆಕೆ ಚಿಕ್ಕಮಗಳೂರಿನಿಂದ ನಿಂತಾಗ, ಗದಗಿನವರಿಗೇಕೆ ಅಲ್ಲಿ ಓಟಿಲ್ಲ ಎಂದು ಅಪ್ಪನ ಮೇಲೆ ಸಿಟ್ಟಾಗಿದ್ದಳು! ಹಾಗಿರುವಾಗ ಗುಂಡಿನ ತೂತು ಬಿದ್ದ ಆ ಸೀರೆಯ ಮುಂದೆ ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಕೈಮುಗಿದು ಮುಂದೆ ಹೋದಳು. ನಿಂತದ್ದು ಮದುವೆಯ ಸೀರೆಯ ಮುಂದೆ. ನೆಹರೂ ಜೈಲಿನಲ್ಲಿ ಕೂತು ನೂತ ನೂಲಿನ ಸೀರೆ ಅದು. ಬೆಟಗೇರಿಯ ಮಗ್ಗದ ಮನೆಯಲ್ಲಿ ಹುಟ್ಟಿದವಳು ಬಿಡುತ್ತಾಳೆಯೇ? ಗಾಜಿಗೆ ಮೂಗು ತಾಗಿಸಿ ಎಳೆ ಎಣಿಸತೊಡಗಿದಳು. ಹಿಂದಿನಿಂದ ಜನ ನೂಕುತ್ತಿದ್ದರು. ಬರುತ್ತಾಳೆ ಬಿಡು ಎಂದು ನಾನು ಮುಂದೆ ನಡೆದೆ. ಶ್ರೀಪೆರಂಬದೂರಿನಲ್ಲಿ ರಾಜೀವ್ ತೊಟ್ಟಿದ್ದ ಬಟ್ಟೆಯ ಚೂರುಗಳು, ಗಾಜಿನಾಚೆ ಇಂದಿರಾ ಓದುತ್ತಿದ್ದ ಕೋಣೆ, ಪುಸ್ತಕಗಳು, ಎಲ್ಲ ನೋಡಿ ತೋಟಕ್ಕೆ ಬಂದೆ. ಆಕೆ ಕೊನೆಯದಾಗಿ ನಡೆದ ಹಾದಿಗೆ ಸ್ಫಟಿಕ ಹೊದಿಸಿದ್ದಾರೆ. 1984ರ ಅಕ್ಟೋಬರ್ 31ರ ಬೆಳಿಗ್ಗೆ ಟೀವಿ ಸಂದರ್ಶನಕ್ಕೆಂದು ಪಕ್ಕದ ಕಚೇರಿಯ ಕಡೆ ಹೊರಟಿದ್ದಳು, ಕಾವಲಿನವರೇ ಹೊಡೆದರು ನೋಡವ್ವ ಎಂದು ಬೆನ್ನಹಿಂದಿದ್ದ ಅವ್ವನಿಗೆ ವಿವರಿಸುತ್ತಿದ್ದೇನೆ. ತಿರುಗಿದರೆ ಯಾರೋ ರಾಜಸ್ಥಾನದ ಮುದುಕ, ಒಂದಕ್ಷರ ಕನ್ನಡ ತಿಳಿಯದಿದ್ದರೂ ಭಕ್ತಿಯಿಂದ ತಲೆಯಾಡಿಸುತ್ತಿದ್ದ.

ಒಂದೂವರೆ ತಾಸು ಹುಡುಕಿದೆ. ಆಗ ಕೈಯಲ್ಲಿ ಮೊಬೈಲ್ ಇಲ್ಲ, ಅವ್ವನಿಗೆ ಹಿಂದಿ ಇಲ್ಲ, ನನ್ನ ಹಿಂದಿ ಪೊಲೀಸರಿಗೆ ತಿಳಿಯಲಿಲ್ಲ. ಕೊನೆಗೆ ಹೊರಗೆ ಮರದ ನೆರಳಿನಲ್ಲಿ ಸಿಕ್ಕಳು, ಯಾವುದೋ ಹೆಂಗಸಿಗೆ ನಮ್ಮ ಗುರೆಳ್ಳು ಚಟ್ನಿ, ರೊಟ್ಟಿ ಕೊಡುತ್ತಾ. "ನೂಲು ಚೆನ್ನಾಗಿದೆ, ನೀನೆಲ್ಲಿ ಕಳೆದುಹೋಗಿದ್ದೆ?" ಎಂದು ನನ್ನನ್ನೇ ಕೇಳಿದಳು. ಅದಕ್ಕೇ ಹೇಳುತ್ತೇನೆ, ಅವ್ವನ ಕೈ ಬಿಡಬೇಡ.

ಅವತ್ತು ನಿಮ್ಮಪ್ಪ ಎಲ್ಲಿದ್ದ, ಕೇಳು. ಈ ಗುಂಪಿನಲ್ಲೇ ಇದ್ದಾನೆ, ಹೇಳಲಿ. ಸ್ವೆಟರ್ ಅಗ್ಗವೆಂದು ಪಾಲಿಕಾ ಬಜಾರಿಗೆ ಹೋಗಿದ್ದ. ಈಗ ಯಾರ ಮದುವೆಯಾದರೂ ಸರಿ, ಪಂಕ್ತಿಯಲ್ಲಿ ಎಲೆಯ ಮುಂದೆ ಕೂತು "ಅಣ್ಣ ಅವ್ವನನ್ನು ದೆಹಲಿಯಲ್ಲಿ ಕಳೆದು ಬಂದಿದ್ದ" ಎಂದು ನಗಿಸುವವನೂ ಅವನೇ. ನಗಿಸಲಿ. ಆದರೆ ಅವ್ವ ತವರಿನಿಂದ ತಂದಿದ್ದ ಮಗ್ಗದ ಲಾಳಿಯನ್ನು ನನಗೊಂದು ಮಾತು ಕೇಳದೆ ಒಯ್ದನಲ್ಲ? ಈಗ ನಿಮ್ಮ ಷೋಕೇಸಿನಲ್ಲಿ ಪ್ಲಾಸ್ಟಿಕ್ ಹೂವಿನ ಪಕ್ಕದಲ್ಲಿದೆ. ದೀಪಾವಳಿಗೆ ಬಂದಾಗ ನೋಡಿದೆ, ಧೂಳು ಕೂತಿತ್ತು.

ಇರಲಿ. ಏನೋ ಹೇಳಬೇಕಿತ್ತು... ಹಾಂ, ನೀನು ಸೋಮವಾರ ಎಂದೆಯಲ್ಲ! ಸೋಮವಾರ ಆ ಮನೆಗೆ ರಜೆ. ನೆಹರೂ ಇದ್ದ ತೀನ್ ಮೂರ್ತಿಯ ಮನೆಯೂ, ಅಲ್ಲಿನ ಪ್ರಧಾನಮಂತ್ರಿ ಸಂಗ್ರಹಾಲಯವೂ ಅಂದು ತೆರೆಯುವುದಿಲ್ಲ. ಮಂಗಳವಾರ ಬೆಳಿಗ್ಗೆಗೆ ಬದಲಾಯಿಸು. ಇಂದಿರಾ ಮನೆಗೆ ಟಿಕೆಟ್ ಇಲ್ಲ. ದೊಡ್ಡ ಚೀಲ ಒಯ್ಯಬೇಡ. ಮೆಟ್ರೊದಲ್ಲಾದರೆ ಲೋಕ ಕಲ್ಯಾಣ ಮಾರ್ಗದಲ್ಲಿ ಇಳಿದು ಆಟೊ ಹಿಡಿ, ನಿಮ್ಮ ಅವ್ವನನ್ನು ನಡೆಸಬೇಡ. ರೈಲಿನ ಟಿಕೆಟ್ ಯಾವತ್ತಿನದು ಎಂದು ಈಗಲೇ ಬರೆದು ತಿಳಿಸು.